ಐವತ್ತು ನಿಮಿಷದ ಲಕೋಟೆ

…ಅಯ್ಯೋ, ಆ ಕುರ್ಚಿ ಬೇಡ, ಅದರ ಒಂದು ಕಾಲು ಅಲ್ಲಾಡುತ್ತೆ. ಇಲ್ಲಿ ಕೂತ್ಕೊಳ್ಳಿ ಪೈಲಟಮ್ಮ. ತಡೀರಿ, ಈ ಪಂಪ್ ಎತ್ತಿ ಕೆಳಗಿಡ್ತೀನಿ… ಹಾಂ, ಆಯ್ತು. ಎಣ್ಣೆ ತಾಗೀತು ಬಟ್ಟೆಗೆ, ನೋಡ್ಕೊಳ್ಳಿ. ಈಗ ಹೇಳಿ. ಅಲ್ಲ, ನೀವೇನು ಹೇಳೋದು, ನನಗೆ ಗೊತ್ತಿಲ್ವಾ! ನಾಳೆ ಬೆಳಿಗ್ಗೆಯಿಂದ ನಿಮ್ಮ ಮೂರೂ ಜನರನ್ನ ಗಾಜಿನ ಕೋಣೆಗೆ ಕಳಿಸಿ ಬಾಗಿಲು ಹಾಕ್ತಾರೆ, ಯಾರ ನೆಗಡಿನೂ ಅಂಟಬಾರದು ಅಂತ. ಹನ್ನೆರಡು ದಿನ ಅಲ್ಲಿ. ಹದಿಮೂರನೇ ದಿನ ರಾಕೆಟ್ಟಿನ ತುದಿಯಲ್ಲಿ. ಅದಕ್ಕೇ ಹೋಗೋ ಮುಂಚೆ ಎಲ್ಲರಿಗೂ ಒಂದ್ಸಲ ಮುಖ ತೋರಿಸೋಣ ಅಂತ ಬಂದಿದ್ದೀರಿ. ಒಳ್ಳೇದು ಮಾಡಿದ್ರಿ. ಬಹಳ ಒಳ್ಳೇದು ಮಾಡಿದ್ರಿ.

ಯಾಕೆ ಸುತ್ತ ನೋಡ್ತಿದ್ದೀರಿ? ಇಷ್ಟೇನಾ ಅಂತಾನಾ? ಇಷ್ಟೇ ತಾಯಿ. ‘ಸ್ವತಂತ್ರ ತಪಾಸಣಾ ಮಂಡಳಿ’ ಅಂತ ಪೇಪರಿನಲ್ಲಿ ದಪ್ಪ ಅಕ್ಷರದಲ್ಲಿ ಬರುತ್ತಲ್ಲ, ಅದರ ವಾಲ್ವ್ ವಿಭಾಗ ಅಂದ್ರೆ ಈ ಕೋಣೆ, ಈ ಬೆಂಚು, ನಾನು. ಕೆಳಗೆ ಟೈರ್ ಅಂಗಡಿ. ದಿನವಿಡೀ ರಬ್ಬರ್ ವಾಸನೆ, ದಬದಬ ಅಂತ ಸುತ್ತಿಗೆ. ನಾನೇ ಹಠ ಹಿಡಿದು ಇಲ್ಲಿಗೆ ಬಂದೋನು. ‘ನಿಮ್ಮ ಕಟ್ಟಡದಲ್ಲಿ ಕೂರಲ್ಲ ಸ್ವಾಮಿ, ನಿಮ್ಮ ಕ್ಯಾಂಟೀನಲ್ಲಿ ದಿನಾ ಉಂಡ್ರೆ ನಿಮ್ಮ ಮಾತೇ ನನ್ನ ಬಾಯಿಗೆ ಬರುತ್ತೆ’ ಅಂದೆ ಆ ದೊಡ್ಡವರಿಗೆ, ಮುಖಕ್ಕೇ. ಹಹ್ಹ! ನಗಿ, ನೀವೂ ನಗಿ… ಇಲ್ಲ, ನೀವು ನಗ್ಲಿಲ್ಲ ಅಲ್ವಾ. ನಕ್ಕಿರಿ ಅಂದ್ಕೊಂಡೆ.

ಟೀ ತರಿಸ್ಲಾ? ಬೇಡ್ವಾ. ನೀರು? …ಅದೂ ಬೇಡ. ಸರಿ.

ಕೈಯಲ್ಲಿ ಅದೇನು? ಓ… ನನ್ನ ರಿಪೋರ್ಟು. ನಾನೂರ ಹನ್ನೆರಡು ಪುಟ, ಅದನ್ನ ಹೊತ್ಕೊಂಡು ಬಂದ್ರಾ! ಇಡಿ, ಅಲ್ಲಿಡಿ. ಮಧ್ಯೆ ಮಧ್ಯೆ ಎಷ್ಟೊಂದು ಚೀಟಿ ಸಿಕ್ಕಿಸಿದ್ದೀರಿ! ಓದಿದ್ರಾ? ಪೂರ್ತಿ? …ಯಾರೂ ಓದಲ್ಲ ಪೈಲಟಮ್ಮ. ಕೊನೇ ಪುಟ ತಿರುವ್ತಾರೆ, ‘ತಕರಾರಿಲ್ಲ’ ಅಂತ ಇದೆಯಾ ನೋಡ್ತಾರೆ, ಕೆಳಗೆ ಸಹಿ ಇದೆಯಾ ನೋಡ್ತಾರೆ, ಮುಚ್ಚಿಡ್ತಾರೆ. ಮಂತ್ರಿನೂ ಅಷ್ಟೇ, ಮಂಡಳಿ ಅಧ್ಯಕ್ಷರೂ ಅಷ್ಟೇ. ಪೂರ್ತಿ ಓದೋರು ಒಬ್ಬರು ಇರ್ತಾರೆ ಅನ್ನೋದು ನನಗೆ ಹೊಳೀಲೇ ಇಲ್ಲ ನೋಡಿ. ಅದರೊಳಗೆ ಕೂರೋರು. ಥೂ, ಎಂಥ ತಲೆ ನಂದು!

‘ತಕರಾರಿಲ್ಲ.’ ಆ ಮಾತು ನನ್ನ ಕೈಯಿಂದ! ಊರೆಲ್ಲ ನನ್ನನ್ನ ತಕರಾರಪ್ಪ ಅಂತ ಕರೆಯುತ್ತೆ, ನಿಮಗೂ ಗೊತ್ತು. ಬೇಜಾರಿಲ್ಲ ನನಗೆ. ನಾನು ಓದಿದೋನಲ್ಲ. ಹತ್ತನೇ ಕ್ಲಾಸ್ ಎರಡು ಸಲ ಡುಮ್ಕಿ. ಲೇತ್ ಮೇಲೆ ವಾಲ್ವ್ ಕಡೆಯೋ ಕೆಲಸ ಮಾಡ್ತಿದ್ದೆ. ಕಡೀತಾ ಕಡೀತಾ ಅದರ ಹೊಟ್ಟೆಯೊಳಗೇನಿದೆ ಅಂತ ಕಲಿತೆ. ಆಮೇಲೆ ಲೈಬ್ರರಿಯಲ್ಲಿ ಕೂತು ಲೆಕ್ಕ ಕಲಿತೆ. ನನ್ನ ಜೊತೆಗೆ ಒಬ್ಬ ಫಿಟ್ಟರ್ ಇದ್ದ. ಎಡಗೈಯಲ್ಲಿ ಸ್ಪಾನರ್ ಹಿಡೀತಿದ್ದ, ಅದಕ್ಕೆ ಎಡಚ ಅಂತಿದ್ವಿ. ಟೆಸ್ಟ್ ಮಾಡೋವಾಗ ರಾಕೆಟ್ಟಿನ ಟ್ಯಾಂಕ್ ಸಿಡೀತು. ಎಡಚ ಅದರ ಪಕ್ಕದಲ್ಲೇ ಇದ್ದ. ಇಪ್ಪತ್ತೆರಡು ವರ್ಷ ಆಯ್ತು. ಆ ಟ್ಯಾಂಕ್ ಸರಿಯಿದೆ ಅಂತ ಸಹಿ ಹಾಕಿದ್ದು ಯಾರು? ಅದನ್ನ ಕಟ್ಟಿದೋರೇ! ತಾನೇ ಪರೀಕ್ಷೆ ಬರೆದು ತಾನೇ ಅಂಕ ಹಾಕ್ಕೊಂಡ ಹಾಗೆ!

ಆವತ್ತಿಂದ ಏಳು ವರ್ಷ ಅವರ ಗೇಟಿನ ಮುಂದೆ ನಿಂತೆ. ಕುತ್ತಿಗೆಗೆ ರಟ್ಟು ಕಟ್ಕೊಂಡು. ಕೈಯಲ್ಲೇ ಬರೆದ ಕರಪತ್ರ. ‘ಕಟ್ಟೋ ಕೈ ಬೇರೆ ಇರಲಿ, ನೋಡೋ ಕಣ್ಣು ಬೇರೆ ಇರಲಿ.’ ಕಾವಲಿನವರು ಕತ್ತು ಹಿಡಿದು ನೂಕೋರು, ಮಾರನೇ ದಿನ ಮತ್ತೆ ಹೋಗಿ ನಿಲ್ತಿದ್ದೆ. ಕೊನೆಗೆ ಮನುಷ್ಯರನ್ನ ಮೇಲೆ ಕಳಿಸೋ ಮಾತು ಬಂದಾಗ ಈ ಮಂಡಳಿ ಮಾಡಿದ್ರು. ಹೊರಗೆ ಕೂಗ್ತಿರೋನನ್ನ ಒಳಗೆ ಹಾಕ್ಕೊಂಡ್ರೆ ಸುಮ್ಮನಾಗ್ತಾನೆ ಅಂತ ನನ್ನನ್ನೂ ಹಾಕಿದ್ರು. ‘ಸುಮ್ಮನಾಗಲ್ಲ ಕಣ್ರೋ’ ಅಂದೆ!

ಲಕೋಟೆ ನಿಯಮ ಮಾಡಿಸಿದ್ದು ಯಾರು? ನಾನು. ಗೊತ್ತಲ್ಲ ನಿಮಗೆ ಅದು? ಅವರ ಲೆಕ್ಕ ಅವರು ಮಾಡಬೇಕು, ನಮ್ಮ ಲೆಕ್ಕ ನಾವು ಮಾಡಬೇಕು. ಅವರ ಉತ್ತರ ನಾವು ನೋಡೋ ಹಾಗಿಲ್ಲ, ನಮ್ಮದು ಅವರು ನೋಡೋ ಹಾಗಿಲ್ಲ. ಇಬ್ಬರೂ ಲಕೋಟೆಯಲ್ಲಿ ಹಾಕಿ ಅಂಟಿಸಿ, ಒಂದೇ ಮೇಜಿನ ಮೇಲೆ ಎಲ್ಲರ ಮುಂದೆ ಒಡೀಬೇಕು. ಯಾಕೆ? ಉತ್ತರ ಗೊತ್ತಿದ್ದು ಲೆಕ್ಕ ಮಾಡಿದ್ರೆ ಕೈ ತಾನಾಗೇ ಆ ಕಡೆಗೆ ಎಳೆಯುತ್ತೆ. ಮನುಷ್ಯನ ಬುದ್ಧಿನೇ ಹಾಗೆ. ಅಕಸ್ಮಾತ್ ನೋಡಿಬಿಟ್ರೆ ಎದ್ದು ನಿಂತು ಹೇಳ್ಬೇಕು, ‘ನೋಡಿಬಿಟ್ಟೆ, ಈ ಲೆಕ್ಕಕ್ಕೆ ನಾನು ಬೇಡ, ಬೇರೆಯವರಿಗೆ ಕೊಡಿ’ ಅಂತ. ಅಷ್ಟೇ. ಶಿಕ್ಷೆಯಿಲ್ಲ, ಏನಿಲ್ಲ.

…ಯಾಕೆ ಹಾಗೆ ನೋಡ್ತೀರಿ?

ಯಾವ ಪುಟ? ಇನ್ನೂರ ಅರವತ್ತೇಳು. ಹಾಂ. ಮೀಸಲು ಗಾಳಿ ವಾಲ್ವ್. ಅಡಿಗೆರೆ ಬೇರೆ ಹಾಕಿದ್ದೀರಿ, ಪೆನ್ಸಿಲ್‌ನಲ್ಲಿ. ಕನ್ನಡಕ ಎಲ್ಲಿ ಹಾಳಾಗಿ ಹೋಯ್ತೋ… ಹಣೆ ಮೇಲೇ ಇದೆಯಾ? ಹಹ್ಹ. ಹಾಂ, ಓದ್ತೀನಿ. ‘ಪರೀಕ್ಷೆಯ ತಾಪಮಾನ ಇಪ್ಪತ್ತು ಡಿಗ್ರಿ.’

ಅದು… ಅದು ಟೈಪ್ ಮಾಡೋವಾಗ ಆಗಿರ್ಬೇಕು. ಮುಂದೆ ಒಂದು ಗೆರೆ ಬಿಟ್ಟುಹೋಗಿದೆ. ಮೈನಸ್ ಇಪ್ಪತ್ತು ಅಂತ ಇರ್ಬೇಕಿತ್ತು. ಟೈಪ್ ಮಾಡೋ ಹುಡುಗಿ ಹೊಸಬಳು, ಅವಳು… ಏನು? ಮುಂದಿನ ಪುಟಾನೂ? ಅಲ್ಲೂ ಇಪ್ಪತ್ತೇ ಇದೆ. ಅದರ ಮುಂದೆಯೂ. ಒಂಬತ್ತು ಕಡೆ ಚೀಟಿ ಹಾಕಿದ್ದೀರಲ್ಲ ತಾಯಿ.

ಇಲ್ಲ, ಆ ಹುಡುಗಿ ತಪ್ಪಲ್ಲ. ಪಾಪ, ಅವಳ ಮೇಲೆ ಹಾಕೋಕೆ ಹೋದೆ. ಛೆ.

ಮರೆತೆ. ಅಷ್ಟೇ. ಚಳಿಯಲ್ಲಿ ನೋಡೋದು ಮರೆತೆ. ವಯಸ್ಸಾಯ್ತು, ಅರವತ್ನಾಲ್ಕು. ಆ ವಾಲ್ವ್ ಕ್ಯಾಬಿನ್ನಿನ ಹೊರಗೋಡೆಯಲ್ಲಿ ಕೂರುತ್ತೆ, ನೆರಳಿನ ಕಡೆ, ಮೈನಸ್ ಇಪ್ಪತ್ತಕ್ಕೆ ಇಳಿಯುತ್ತೆ, ಎಲ್ಲ ಗೊತ್ತು ನನಗೆ. ಬೆಚ್ಚಗಿರೋ ಕೋಣೆಯಲ್ಲಿ ನೋಡಿದ್ದಕ್ಕೆ ಬೆಲೆಯಿಲ್ಲ, ಅದೂ ಗೊತ್ತು. ಆದ್ರೂ ಕೆಲಸದ ಗಡಿಬಿಡಿಯಲ್ಲಿ… ಮನುಷ್ಯ ಅಂದ್ಮೇಲೆ…

ಎಲ್ಲಿಗೆ ಎದ್ರಿ? ಅಲ್ಲೇನಿದೆ, ಮೂಲೆಯಲ್ಲಿ? ಅದು ಹಳೇ ಫ್ರೀಜರ್ ಪೆಟ್ಟಿಗೆ ಪೈಲಟಮ್ಮ. ಐಸ್‌ಕ್ರೀಮ್ ಮಾರೋನು ಅಂಗಡಿ ಮುಚ್ಚೋವಾಗ ಕೊಟ್ಟ. ಮುಚ್ಚಳ ಎತ್ತಬೇಡಿ, ಚಳಿ ಹೊರಗೆ ಹೋಗುತ್ತೆ… ಎತ್ತಬೇಡಿ ಅಂದ್ನಲ್ಲ…

ಹೌದು. ವಾಲ್ವೇ.

ಅದೇ ವಾಲ್ವು, ಪರೀಕ್ಷೆಗೆ ಅಂತ ಕೊಟ್ಟ ಜೋಡಿ. ಮೈನಸ್ ಇಪ್ಪತ್ತರಲ್ಲಿ. ಪಕ್ಕದಲ್ಲಿರೋದು ಅದರ ಪೈಪು. ಮುಚ್ಚಿ, ನಿಮ್ಮ ಕೈ ತಣ್ಣಗಾಗುತ್ತೆ. ಮುಚ್ಚಿ ತಾಯಿ, ದಮ್ಮಯ್ಯ.

…ಮರೀಲಿಲ್ಲ. ಚಳಿಯಲ್ಲಿ ನೋಡೋಕೆ ಅಂತಲೇ ಆ ಪೆಟ್ಟಿಗೆ ತಂದಿದ್ದು. ನಾನು ಮರೆಯೋನಾ!

ಕೂತ್ಕೊಳ್ಳಿ. ನಿಂತಿದ್ರೆ ನನಗೆ ಮಾತು ಬರಲ್ಲ. ನೀವೇನಾದ್ರೂ ಅಂದ್ರೆ ಅದಕ್ಕೆ ಉತ್ತರ ಹೇಳ್ತಿದ್ದೆ, ಜಗಳ ಆಡ್ತಿದ್ದೆ. ಜಗಳ ಆಡಿ ಅಭ್ಯಾಸ ನನಗೆ.

ನಾಲ್ಕು ತಿಂಗಳ ಕತೆ ಕೇಳಿದ್ದೀರಾ? ಕೇಳಿರ್ತೀರಿ. ಅಲ್ಲಿ ಕಸ ಗುಡಿಸೋರಿಗೂ ಗೊತ್ತು. ಮೂರು ವರ್ಷದ ಹಿಂದೆ, ಜನ ಇಲ್ಲದ ಖಾಲಿ ಕ್ಯಾಬಿನ್ ಹಾರಿಸೋಕೆ ಹೊರಟಿದ್ರಲ್ಲ, ಆಗ. ಬೆಸುಗೆಯಲ್ಲಿ ಗಾಳಿ ಸೋರ್ತಿದೆ ಅಂದೆ. ಮೇಜು ಕುಟ್ಟಿ ಅಂದೆ! ‘ನಿಲ್ಸಿ! ಒಂದು ಹೆಜ್ಜೆ ಮುಂದೆ ಹೋದ್ರೆ ಪೇಪರಿಗೆ ಹೋಗ್ತೀನಿ’ ಅಂದೆ. ನಿಲ್ಲಿಸಿದ್ರು. ನಾಲ್ಕು ತಿಂಗಳು. ಇಡೀ ಕ್ಯಾಬಿನ್ ಬಿಚ್ಚಿದ್ರು. ಬೆಸುಗೆಯಲ್ಲಿ ಏನೂ ಇಲ್ಲ. ಸೋರ್ತಿದ್ದದ್ದು ಒತ್ತಡ ಅಳೆಯೋ ನನ್ನ ಗೇಜು. ನನ್ನ ಗೇಜಿನ ಕೊನೇ ನಟ್ಟು, ನಾನೇ ಬಿಗಿ ಮಾಡಿದ್ದು. ಅರ್ಧ ಸುತ್ತು ಕಮ್ಮಿ.

ನಗಬೇಡಿ… ಇಲ್ಲ, ನೀವು ನಗ್ತಿಲ್ಲ. ಅವರು ನಕ್ರು. ಇನ್ನೂರು ಜನರ ಸಭೆ. ಮೊದಲು ಹಿಂದಿನ ಸಾಲಲ್ಲಿ ಒಬ್ಬ, ಆಮೇಲೆ ಎಲ್ಲರೂ. ಕೆಟ್ಟದ್ದಾಗಿ ನಕ್ಕಿದ್ರೆ ತಡ್ಕೋಬಹುದಿತ್ತು. ಪಾಪ ಅನ್ನೋ ಹಾಗೆ ನಕ್ರು. ಓದದೇ ಇರೋನನ್ನ ತಂದು ಕೂರಿಸಿದ್ರೆ ಇನ್ನೇನಾಗುತ್ತೆ ಅನ್ನೋ ಹಾಗೆ. ಆವತ್ತಿಂದ ನನ್ನ ಹೆಸರೇ ‘ನಾಲ್ಕು ತಿಂಗಳು’ ಅಂತಾಯ್ತು; ಕಾರಿಡಾರಲ್ಲಿ ನಡೆದ್ರೆ ಹಿಂದೆ ಪಿಸುಪಿಸು, ‘ನಾಲ್ಕು ತಿಂಗಳು ಬಂದ, ನಾಲ್ಕು ತಿಂಗಳು ಹೋದ.’ ತಕರಾರಪ್ಪ ಅನ್ನಿಸ್ಕೊಂಡ್ರೆ ಎದೆ ಉಬ್ಬುತ್ತಿತ್ತು. ಇದು ಹಾಗಲ್ಲ. ಮನೆಗೆ ಬಂದು ಹೆಂಡತಿ ಮುಂದೆಯೂ ಹೇಳ್ಲಿಲ್ಲ. ಏಳು ವರ್ಷ ಗೇಟಲ್ಲಿ ನಿಂತಾಗ ಊಟದ ಡಬ್ಬಿ ತಂದುಕೊಡ್ತಿದ್ದವಳು ಅವಳು. ಅವಳಿಗೆ ಹೇಗೆ ಹೇಳಲಿ, ಒಂದು ನಟ್ಟು ಬಿಗಿ ಮಾಡೋಕೆ ಬರಲಿಲ್ಲ ಅಂತ?

ಇದನ್ನೆಲ್ಲ ನಿಮಗೆ ಯಾಕೆ ಹೇಳ್ತಿದ್ದೀನಿ… ಹಾಂ. ವಾಲ್ವು.

ಲಕೋಟೆ ಒಡೆಯೋಕೆ ಇನ್ನೂ ಐದು ದಿನ ಇತ್ತು. ಅವರ ವಾಲ್ವ್ ವಿಭಾಗದ ಹಿರಿಯ ಇದ್ದಾನಲ್ಲ, ಬೋಳುತಲೆಯವನು, ಅವನ ಹತ್ತಿರ ಒಂದು ಗೇಜು ಎರವಲು ತಂದಿದ್ದೆ. ನನ್ನದರ ಮೇಲೆ ನನಗೇ ನಂಬಿಕೆ ಹೋಗಿತ್ತು, ಅದಕ್ಕೆ. ವಾಪಸ್ ಕೊಡೋಣ ಅಂತ ಹೋದೆ. ಅವನು ಊಟಕ್ಕೆ ಹೋಗಿದ್ದ. ಗೋಡೆ ಮೇಲಿನ ಬಿಳಿ ಬೋರ್ಡು ಒರೆಸಿರಲಿಲ್ಲ. ದೊಡ್ಡದಾಗಿ ಬರೆದು ಸುತ್ತ ಸೊನ್ನೆ ಹಾಕಿದ್ದ. ಐವತ್ತೆರಡು ನಿಮಿಷ ಗಾಳಿ ತಡೆಯುತ್ತೆ ಅಂತ.

ಬೇಕಂತ ನೋಡ್ಲಿಲ್ಲ. ದೇವರಾಣೆ ಬೇಕಂತ ನೋಡ್ಲಿಲ್ಲ! ಬಾಗಿಲು ತೆಗೆದ್ರೆ ಎದುರಿಗೇ ಇತ್ತು. ಆದ್ರೆ ಬಾಗಿಲು ಹಾಕ್ಕೊಂಡು ಹೊರಗೆ ಬಂದ್ಮೇಲೆ ಹೇಳ್ಬಹುದಿತ್ತಲ್ಲ. ‘ನೋಡಿಬಿಟ್ಟೆ’ ಅಂತ, ಒಂದೇ ಮಾತು. ನಾನೇ ಮಾಡಿಸಿದ ನಿಯಮ! ಹೇಳ್ಲಿಲ್ಲ. ಯಾಕೆ ಹೇಳ್ಲಿಲ್ಲ…

ಸರಿ, ಗೊತ್ತಾಯ್ತಲ್ಲ ಈಗ. ಉತ್ತರ ನೋಡ್ದೆ, ಆಮೇಲೆ ಲೆಕ್ಕ ಮಾಡ್ದೆ, ಬೆಚ್ಚಗಿರೋ ಲೆಕ್ಕ ಮಾಡ್ದೆ, ಐವತ್ತು ಬಂತು. ಲಕೋಟೆಯಲ್ಲಿ ಹಾಕ್ದೆ. ಎರಡೂ ಒಡೆದ್ರು. ಐವತ್ತೆರಡು, ಐವತ್ತು! ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆದ್ರು ಪೈಲಟಮ್ಮ. ಬೋಳುತಲೆಯವನು ಬಂದು ತಬ್ಬಿಕೊಂಡ. ‘ಓದಿಲ್ಲ ಅಂದವರ್ಯಾರು ಇವನನ್ನ’ ಅಂದ. ನೀವೂ ಅಲ್ಲಿದ್ರಿ, ಮೂರನೇ ಸಾಲು. ನೀವೂ ಚಪ್ಪಾಳೆ ಹೊಡೆದ್ರಿ. ನಾನು ನೋಡ್ದೆ. ತಲೆ ತಗ್ಗಿಸಿ ನಿಂತಿದ್ದೆ, ವಿನಯ ಅಂದ್ಕೊಂಡ್ರು.

ಇಷ್ಟೇ. ತಪ್ಪು ಮಾಡಿದೆ, ಒಪ್ಕೊಂಡೆ. ಮುಗೀತಲ್ಲ?

…ಮುಗೀಲಿಲ್ಲ ಅಲ್ವಾ.

ನೀವು ಆ ಪೆಟ್ಟಿಗೆ ಕಡೆಯೇ ನೋಡ್ತಿದ್ದೀರಿ.

ನಿಮಗೆ ಗೊತ್ತು. ಬಂದಾಗಲೇ ಗೊತ್ತಿತ್ತು, ಹೌದಾ? ಬಾಗಿಲಲ್ಲಿ ನಿಂತಾಗಲೇ. ನಾನು ಕುರ್ಚಿ ಕಾಲು, ಟೀ, ನೀರು ಅಂತ ಬಡಬಡಿಸ್ತಾ ಇದ್ದೆ. ನೀವು ಹಾರೋರು, ಮೆಷಿನ್ ಸದ್ದು ಕೇಳಿಯೇ ಒಳಗೇನು ಕೆಟ್ಟಿದೆ ಅಂತ ಹೇಳೋರು. ನನ್ನ ಸದ್ದು ಕೇಳ್ತಾ ಕೂತಿದ್ರಿ.

ಬೋರ್ಡ್ ನೋಡೋ ಮುಂಚೆಯೇ ನನ್ನ ಲೆಕ್ಕ ಮುಗಿದಿತ್ತು.

ಚಳಿಯಲ್ಲೇ ಮಾಡಿದ್ದೆ. ಮೂರು ಸಲ. ಬಟಾಣಿ ಕಾಳಿನಷ್ಟು ತೂತು ಬಿತ್ತು ಅನ್ನಿ, ಕ್ಯಾಬಿನ್ನಿನ ಗಾಳಿ ಸೋರ್ತಾ ಹೋಗುತ್ತೆ. ಮೀಸಲು ಬಾಟ್ಲಿಯಿಂದ ಈ ವಾಲ್ವು ಅಳೆದು ಅಳೆದು ಗಾಳಿ ಬಿಡಬೇಕು. ಬೆಚ್ಚಗಿದ್ರೆ ಅಳೆದೇ ಬಿಡುತ್ತೆ. ಚಳಿಗೆ ಒಳಗಿನ ರಬ್ಬರ್ ಗಡುಸಾಗುತ್ತೆ, ವಾಲ್ವ್ ಪೂರ್ತಿ ಮುಚ್ಚಲ್ಲ, ಬೇಕಾದ್ದಕ್ಕಿಂತ ಹೆಚ್ಚು ಸುರಿಯುತ್ತೆ, ಬಾಟ್ಲಿ ಬೇಗ ಖಾಲಿ. ಸೂಟ್ ಇದೆಯಲ್ಲ ಅಂತಾರೆ ಅವರು. ಸೂಟಿಗೂ ಅದೇ ಬಾಟ್ಲಿ! ಮೊದಲ ಸಲ ಮೂವತ್ತೊಂದು ನಿಮಿಷ. ಎರಡನೇ ಸಲ ಮೂವತ್ತು. ಮೂರನೇ ಸಲ ಮೂವತ್ತೊಂದು.

ಮೇಲಿಂದ ಕೆಳಗೆ ಬಂದು ಮುಟ್ಟೋಕೆ ನಿಮಗೆ ಬೇಕಾಗೋದು ಮೂವತ್ತೆಂಟು.

ಏಳು ನಿಮಿಷ, ತಾಯಿ. ಏಳು ನಿಮಿಷ ನಿಮಗೆ ಗಾಳಿಯಿಲ್ಲ.

ಆ ಮೂವತ್ತೊಂದನ್ನ ಕೈಯಲ್ಲಿ ಇಟ್ಕೊಂಡು ಬೋರ್ಡ್ ನೋಡಿದ್ದು ನಾನು. ಐವತ್ತೆರಡು ಅಂತ ಕಂಡ ತಕ್ಷಣ ಏನು ಅನ್ನಿಸ್ತು ಗೊತ್ತಾ? ‘ಅವರು ಬೆಚ್ಚಗೆ ನೋಡಿದ್ದಾರೆ, ಅವರದು ತಪ್ಪು’ ಅಂತ ಅನ್ನಿಸಲಿಲ್ಲ. ನಂದೇ ತಪ್ಪು ಅನ್ನಿಸ್ತು. ಮತ್ತೆ ಎಲ್ಲೋ ಅರ್ಧ ಸುತ್ತು ಕಮ್ಮಿ ಆಗಿದೆ ಅನ್ನಿಸ್ತು. ಇಲ್ಲಿಗೆ ಬಂದು ಎರಡು ದಿನ ನನ್ನ ತಪ್ಪು ಹುಡುಕಿದೆ. ಪ್ರತಿ ನಟ್ಟು ನೋಡ್ದೆ. ಸಿಗಲಿಲ್ಲ. ಸಿಗದೇ ಇದ್ದಾಗ ಖುಷಿ ಆಗ್ಬೇಕಿತ್ತು ಅಲ್ವಾ, ನನ್ನ ಲೆಕ್ಕ ಸರಿಯಿದೆ ಅಂತ? ಆಗಲಿಲ್ಲ. ಆಮೇಲೆ ವಾಲ್ವನ್ನ ಪೆಟ್ಟಿಗೆಯಿಂದ ಹೊರಗೆ ತೆಗೆದು ಮೇಜಿನ ಮೇಲಿಟ್ಟೆ. ಬೆಚ್ಚಗಾಗೋ ತನಕ ಅದರ ಮುಂದೆ ಕೂತಿದ್ದೆ. ಬೆಚ್ಚಗಾದ್ಮೇಲೆ ಇನ್ನೊಂದ್ಸಲ ನೋಡ್ದೆ. ಐವತ್ತು ಬಂತು. ‘ಅಬ್ಬ’ ಅಂದೆ! ಬಾಯಿಬಿಟ್ಟು ‘ಅಬ್ಬ’ ಅಂದೆ ಪೈಲಟಮ್ಮ, ಒಬ್ಬನೇ ಕೂತು!

ಲಕೋಟೆ ಕಳಿಸಿದ್ಮೇಲೆ ವಾಲ್ವನ್ನ ಮತ್ತೆ ತಂದು ಪೆಟ್ಟಿಗೆಯಲ್ಲಿಟ್ಟೆ. ದಿನಾ ನೋಡ್ತೀನಿ. ಎಂದಾದ್ರೂ ಒಂದು ದಿನ ಚಳಿಯಲ್ಲೂ ಐವತ್ತು ಬಂದೀತಾ ಅಂತ. ಇವತ್ತು ಬೆಳಿಗ್ಗೆಯೂ ನೋಡ್ದೆ. ಮೂವತ್ತೊಂದು.

ಬೈರಿ. ಒಂದು ಸಲ ಬೈರಿ. ಚಪ್ಪಲಿ ತಗೊಂಡು ಹೊಡೀರಿ ಬೇಕಾದ್ರೆ. ಎಡಚನ ಟ್ಯಾಂಕಿಗೆ ಸಹಿ ಹಾಕಿದೋರನ್ನ ಕೊಲೆಗಾರರು ಅಂತ ರಟ್ಟಿನ ಮೇಲೆ ಬರೆದು ಏಳು ವರ್ಷ ಹೊತ್ತೋನು ನಾನು. ಅವರಿಗೆ ಗೊತ್ತಿರಲಿಲ್ಲ, ಪಾಪ. ನನಗೆ ಗೊತ್ತಿತ್ತು.

ಕಿಟಕಿಯಲ್ಲೇನು ನೋಡ್ತೀರಿ? ಯಾರದು ಕಾರು… ನಿಮ್ಮ ಜೊತೆ ಹಾರೋ ಇಬ್ಬರೂ ಬಂದಿದ್ದಾರಾ? ಆ ಉದ್ದನೆಯವನು, ಮತ್ತೆ ಡಾಕ್ಟರು? ಅವರಿಗೆ ಗೊತ್ತಾ? …ಇಲ್ಲ. ನೀವು ಹೇಳಿಲ್ಲ. ಬಿಸಿಲಲ್ಲಿ ಕೂತಿದ್ದಾರೆ, ನೀವು ಮುಖ ತೋರಿಸಿ ಬರೋಕೆ ಹೋಗಿದ್ದೀರಿ ಅಂದ್ಕೊಂಡು.

ಆಯ್ತು. ಬರೀತೀನಿ. ಮಂಡಳಿಯವನು ಯಾರೇ ಆಗ್ಲಿ, ಸಹಿ ವಾಪಸ್ ತಗೋತೀನಿ ಅಂತ ಒಂದು ಸಾಲು ಬರೆದ್ರೆ ಹಾರಾಟ ನಿಲ್ಲುತ್ತೆ. ಅದೂ ನಾನು ಜಗಳ ಆಡಿ ತಂದ ನಿಯಮವೇ. ಸಂಜೆಯೊಳಗೆ ಅಧ್ಯಕ್ಷರ ಕೈಗೆ ಕೊಡ್ತೀನಿ. ಕಾಗದ ಎಲ್ಲಿ… ಹಾಂ. ‘ಮಾನ್ಯರೇ, ಮೀಸಲು ಗಾಳಿ ವಾಲ್ವಿನ ಬಗ್ಗೆ ನಾನು ಹಾಕಿದ ಸಹಿಯನ್ನು ಕೆಲವು ತಾಂತ್ರಿಕ ಕಾರಣಗಳಿಂದ ಹಿಂದಕ್ಕೆ ಪಡೆಯುತ್ತೇನೆ.’ ಸಾಕಲ್ವಾ? ಹಾರಾಟ ನಿಂತರಾಯ್ತು. ನೀವು ಮೂವರೂ ಉಳಿದ್ರಿ. ಹೊಸದಾಗಿ ಯಾರಾದ್ರೂ ನೋಡ್ತಾರೆ, ವಾಲ್ವ್ ಸರಿ ಮಾಡ್ತಾರೆ. ಇನ್ನುಳಿದದ್ದು ಯಾರಿಗೆ ಬೇಕು? ಓದಿ ನೋಡಿ, ಸರಿಯಿದೆಯಾ?

ಓದಿ.

…ಯಾಕೆ ತಗೊಳ್ಳಲ್ಲ?

‘ಕೆಲವು ತಾಂತ್ರಿಕ ಕಾರಣ’ ಅನ್ನೋದಾ.

ಹೊಡೆದುಹಾಕ್ತೀನಿ. ನೋಡಿ, ಹೊಡೆದುಹಾಕ್ದೆ. ‘…ಏಕೆಂದರೆ ಈ ವಾಲ್ವ್ ಚಳಿಯಲ್ಲಿ ಮೂವತ್ತೊಂದು ನಿಮಿಷ ಮಾತ್ರ ತಡೆಯುತ್ತದೆ.’ ಹಾಂ? ಇನ್ನೂ ಇದೆ, ಗೊತ್ತು, ತಡೀರಿ. ‘ಇದು ನನಗೆ ಮೊದಲೇ ಗೊತ್ತಿತ್ತು. ಅವರ ಉತ್ತರ ನೋಡಿ ನನ್ನದನ್ನು ಬದಲಾಯಿಸಿದೆ.’ ಅಕ್ಷರ ಕೋಳಿ ಕೆದರಿದ ಹಾಗಾಯ್ತು. ಓದೋಕಾಗುತ್ತೆ ಬಿಡಿ.

ಯಾಕೆ ಬದಲಾಯಿಸಿದೆ ಅಂತಲೂ ಬರೀಬೇಕಾ?

ಬರೀತೀನಿ, ತಡೀರಿ.

‘…ಮತ್ತೆ ನಗುತ್ತಾರೆ ಅಂತ ಹೆದರಿದೆ.’

ಅಷ್ಟೇ ಪೈಲಟಮ್ಮ. ಇದಕ್ಕಿಂತ ದೊಡ್ಡ ಕಾರಣ ಏನೂ ಇರಲಿಲ್ಲ. ಇದ್ದಿದ್ರೆ ಚೆನ್ನಾಗಿತ್ತು. ಯಾರಾದ್ರೂ ಬೆದರಿಸಿದ್ದಿದ್ರೆ, ಹೊಡೆಸಿದ್ದಿದ್ರೆ… ಇಲ್ಲ. ಇಷ್ಟು ಸಣ್ಣದಕ್ಕೆ ನಿಮ್ಮ ಮೂವರನ್ನ ಕೊಡೋಕೆ ಹೊರಟಿದ್ದೆ.

ಏಳಿ, ಕೆಳಗಿಳಿಯೋಣ. ಅಧ್ಯಕ್ಷರು ಆಮೇಲೆ. ಮೊದಲು ಅವರಿಬ್ಬರಿಗೆ ಓದಿ ಹೇಳ್ಬೇಕು. ಕೈ ಹಿಡ್ಕೊಳ್ತೀರಾ, ಮೆಟ್ಟಿಲು ಕಡಿದು… ಬೇಡ. ಬೇಡ ತಾಯಿ, ಕೈ ಕೊಡಬೇಡಿ ನನಗೆ. ಗೋಡೆ ಹಿಡ್ಕೊಂಡು ಬರ್ತೀನಿ. ನೀವು ಮುಂದೆ ಹೋಗಿ, ಕಾರಿನ ಗಾಜು ಇಳಿಸಿ ಅಂತ ಹೇಳಿ ಅವರಿಗೆ.